ಏಳು ಹನ್ನೆರಡು

ಸೋಮವಾರ ಸಂಜೆ ಆರಕ್ಕೆ ಮುಂದಿನ ವಾರದ ಪುಟ ತೆರೆಯುತ್ತೇನೆ,
ಪೆನ್ಸಿಲ್ ಹೆರೆದು, ಕೆಟಲ್ ಇಟ್ಟು, ಫೋನಿನ ಪಕ್ಕ ಕೂರುತ್ತೇನೆ.
ಆರು ಗಂಟೆ ಮೂರು ನಿಮಿಷಕ್ಕೆ ಅವಳದು.
ಹಿಂದೆ ಎಂಜಿನ್ ಆರುವ ಸದ್ದು, ಬಾಗಿಲು ಉಸ್ಸೆನ್ನುವ ಸದ್ದು.
ಅರವತ್ತನಾಲ್ಕನೇ ನಂಬರಿನ ಬಸ್ಸು
ಬಂದರಿನ ಕೊನೆಯ ನಿಲ್ದಾಣದಲ್ಲಿ ನಾಲ್ಕು ನಿಮಿಷ ನಿಲ್ಲುತ್ತದೆ,
ಅದರಲ್ಲಿ ಒಂದು ನಿಮಿಷ ನನ್ನ ಪಾಲಿಗೆ.
“ಊನಾ ಗೆಡ್ಡಿಸ್. ಗುರುವಾರ. ಏಳು ಹನ್ನೆರಡು. ಒಬ್ಬಳೇ.”
“ಬರೆದೆ.”
ಹನ್ನೊಂದು ವರ್ಷದಿಂದ ಫೋನಿನಲ್ಲಿ ಇಷ್ಟೇ ನಮ್ಮ ಮಾತುಕತೆ.

ಪಿಟ್‌ಕಾರಿಯ ಈ ಮೈದಾನ ಯಾರಪ್ಪನ ಸ್ವತ್ತೂ ಅಲ್ಲ, ಊರಿನದು.
ಕಡಲು ಬಿಟ್ಟುಹೋದ ಮರಳ ಮೇಲೆ
ಕುರಿಗಳು ಮೇಯ್ದು ಮೇಯ್ದು ನುಣುಪು ಮಾಡಿದ ಹುಲ್ಲು.
ಹದಿನೆಂಟು ಕುಳಿ, ಹದಿನೆಂಟು ಬಾವುಟ, ಹಲಗೆಯದೊಂದು ಗುಡಿಸಲು,
ಒಳಗೆ ನಾನು, ನನ್ನ ಮುಂದೆ ಗೆರೆ ಎಳೆದ ಪುಸ್ತಕ.
ದಿನವನ್ನು ಎಂಟೆಂಟು ನಿಮಿಷಕ್ಕೆ ಕೊಯ್ದು
ಬ್ರೆಡ್ಡಿನ ಹೋಳಿನಂತೆ ಜೋಡಿಸಿದ್ದೇನೆ,
ಮೊದಲು ಕೇಳಿದವರಿಗೆ ಮೊದಲ ಹೋಳು.
ಮೀನು ಸೀಳುವವನ ಹೆಸರಿನ ಕೆಳಗೆ ಸರ್ಜನ್ನನ ಹೆಸರು.
ಯಾರ ಚೂರಿಗೆ ಎಷ್ಟು ಬೆಲೆ, ಪುಸ್ತಕಕ್ಕೆ ಗೊತ್ತಿಲ್ಲ.

ಜುಲೈನಲ್ಲಿ ಒಬ್ಬರು ಬಂದರು, ಎಡಿನ್‌ಬರೋದವರು,
ಬೆಳ್ಳಿ ಬಣ್ಣದ ಕಾರು, ಚೀಲದ ತುಂಬ ಮಿರುಗುವ ಕೋಲು.
“ಒಂದಿಷ್ಟು ಜಾಗ ಮಾಡಿಕೊಡಿ” ಎಂದರು, ಕಿಸೆಗೆ ಕೈ ಹಾಕುತ್ತ.
ಜಾಗ ಬೇಕಾದಷ್ಟಿದೆ ಸ್ವಾಮಿ, ಡೆನ್ಮಾರ್ಕಿನವರೆಗೂ ಇದೆ.
ಇಲ್ಲದ್ದು ಹೊತ್ತು.
ಬೆಂಚು ತೋರಿಸಿದೆ. ಹತ್ತೂ ನಲವತ್ತರವರೆಗೆ
ಅವರು ವಾಚು ನೋಡಿದರು, ಕಡಲು ನೋಡಲಿಲ್ಲ.

ಒಮ್ಮೆ ಊನಾಳನ್ನು ಕೇಳಿದ್ದೆ: ಬೇಸಿಗೆಯಲ್ಲಿ ಸರಿ,
ಜನವರಿಯಲ್ಲಿ ಇಲ್ಲಿ ಕಾಗೆಯೂ ಬರುವುದಿಲ್ಲ,
ಸುಮ್ಮನೆ ಬಂದು ಹೊಡೆಯಬಾರದೆ, ಫೋನು ಯಾಕೆ?
ಕೈಗವಸು ಎಳೆದುಕೊಳ್ಳುತ್ತ ಹೇಳಿದಳು:
“ನನ್ನ ದಿನವನ್ನು ಯಾರೋ ಅಚ್ಚು ಹಾಕಿಸಿ
ಕಂಬ ಕಂಬಕ್ಕೂ ಅಂಟಿಸಿದ್ದಾರೆ.
ಐದು ಐವತ್ತೆರಡು ಚರ್ಚು, ಆರು ಒಂದು ಡೈರಿ, ಆರು ಒಂಬತ್ತು ಆಸ್ಪತ್ರೆ.
ಎರಡು ನಿಮಿಷ ತಡವಾದರೆ ಮುದುಕಿಯರು ಮುಂಗೈ ಎತ್ತಿ ತೋರಿಸುತ್ತಾರೆ.
ವಾರದಲ್ಲಿ ಒಂದು ಹೊತ್ತನ್ನಾದರೂ ನಾನೇ ಬಾಯಿಬಿಟ್ಟು ಹೇಳಿ ಬರೆಸಬೇಕು.
ಬರೆಸಿದೆನೋ, ಆಟ ಶುರು. ಹತ್ತು ದಿನ ಆಡುತ್ತೇನೆ.
ಕೆಂಪು ದೀಪದಲ್ಲಿ ಒಂದು ಕುಳಿ, ರೈಲ್ವೆ ಗೇಟಿನಲ್ಲಿ ಎರಡು.
ಇಲ್ಲಿ ಬಂದು ಹೊಡೆಯುವುದು
ಮೇಲಿನ ಬೆಣ್ಣೆ ಅಷ್ಟೆ.”

ಅಕ್ಕ ಬಿದ್ದು ಸೊಂಟ ಮುರಿದ ವಾರ ಬುಧವಾರವೇ ಕರೆದಳು:
“ಯಾರಿಗಾದರೂ ಕೊಡು. ಒಡೆದ ಹಾಲಾಗುವುದು ಬೇಡ.”
ಲಾಕ್ಲನ್ ಎಂಬ ಶಾಲೆಯ ಹುಡುಗ ಆ ಹೊತ್ತನ್ನು ಬಗಲಲ್ಲಿಟ್ಟು ಓಡಿದ.

ಕಳೆದ ಗುರುವಾರ ಕಡಲ ಮಂಜು. ಇಲ್ಲಿಯವರು ಅದನ್ನು ಹಾರ್ ಅನ್ನುತ್ತೇವೆ.
ಮೊದಲ ಬಾವುಟ ಹಾಗಿರಲಿ,
ನನ್ನ ಗುಡಿಸಲ ಮೆಟ್ಟಿಲೇ ನನಗೆ ಕಾಣದು.
ಏಳು ನಾಲ್ಕರವರು ಬರಲಿಲ್ಲ.
ಏಳು ಇಪ್ಪತ್ತರವರು ಹಾಸಿಗೆಯಿಂದಲೇ ಫೋನಿಸಿದರು.
‘ಮೈದಾನ ಮುಚ್ಚಿದೆ’ ಎಂಬ ಹಲಗೆ ತೂಗುಹಾಕಬೇಕು,
ಹಲಗೆ ಕೈಯಲ್ಲಿ ಹಿಡಿದೇ ನಿಂತಿದ್ದೆ.

ಏಳು ಹನ್ನೊಂದಕ್ಕೆ ಜಲ್ಲಿಯ ಮೇಲೆ ಹೆಜ್ಜೆ.
“ಆಟ ಇಲ್ಲ” ಎಂದೆ.
“ಗೊತ್ತು” ಎಂದಳು.
ಹೋಗಿ ಟೀಯ ಮೇಲೆ ನಿಂತಳು. ಚೀಲ ಬಿಚ್ಚಲಿಲ್ಲ, ಕಡ್ಡಿ ಚುಚ್ಚಲಿಲ್ಲ.
ಎಲ್ಲೋ ಒಂದು ಹಕ್ಕಿ. ಎಲ್ಲೋ ದೋಣಿಯ ಕೊಂಬು.
ಬಿಳುಪಿನಲ್ಲಿ ಅವಳ ಕೆಂಪು ಟೋಪಿ, ಅಷ್ಟೇ.
ಅವಳು ಆ ಹೊತ್ತನ್ನು ಕಾದಳೋ, ಆ ಹೊತ್ತು ಅವಳನ್ನು ಕಾಯಿತೋ,
ನಾನಂತೂ ಇಬ್ಬರನ್ನೂ ಕಾದೆ,
ಹಲಗೆಯನ್ನು ಬೆನ್ನ ಹಿಂದೆ ಮರೆಮಾಡಿ.

ಏಳು ಇಪ್ಪತ್ತಕ್ಕೆ “ಆಯ್ತು” ಎಂದು ಹೊರಟಳು,
ಒಂಬತ್ತು ಐದರ ಬಸ್ಸಿಗೆ.
ಅವಳ ಹೆಸರಿನ ಮುಂದೆ, ನಿಯಮದಂತೆ, ಬಂದ ಗುರುತು ಹಾಕಿದೆ.
ಆಮೇಲೆ ಹಲಗೆ ತೂಗುಹಾಕಿದೆ.